ಕಿವಿಯಿಂದ ಓದಿದ ಎರಡು ಕಾದಂಬರಿ

ಮಕ್ಕಳೇ, ಈ ವಾರ ನಾನು ಓದಿದ ಪುಸ್ತಕಗಳ ಬಗ್ಗೆ ಅಲ್ಲ, ಕೇಳಿದ ಪುಸ್ತಕಗಳ ಬಗ್ಗೆ ಹೇಳುತ್ತೇನೆ.

ಎಡಗಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ಕೆಲವು ವಾರ ಕಣ್ಣಿಗೆ ಆಯಾಸ ಮಾಡಬೇಡಿ ಅಂದರು ಡಾಕ್ಟರು. ಬಲಗಣ್ಣು ಮೊದಲೇ ಮಂಜು. ಒಂದು ಹೊತ್ತಿನ ಊಟ ಬಿಟ್ಟೇನು, ಪುಸ್ತಕ ಬಿಟ್ಟು ಹೇಗಿರಲಿ? ಇನ್ನು ಮುಂದೆ ಓದುವುದೇ ಆಗದಿದ್ದರೆ ಎಂಬ ಹೆದರಿಕೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಏಳನೇ ಕ್ಲಾಸಿನ ಮೊಮ್ಮಗಳಿಗೆ ಅದು ಹೇಗೆ ತಿಳಿಯಿತೋ! "ಅಜ್ಜಿ, ನಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಡ್ತೀನಿ. ನಾನು ಸ್ಕೂಲಿಗೆ ಹೋದಾಗ ಕೇಳು" ಅಂದಳು. ಹೀಗೆ ನಮ್ಮ ಮನೆಯಲ್ಲೇ ಆಡಿಯೊ ಪುಸ್ತಕ ತಯಾರಾಯಿತು. ನಡುನಡುವೆ ಕುಕ್ಕರಿನ ಸೀಟಿ, ತರಕಾರಿಯವನ ಕೂಗು ಎಲ್ಲ ಉಚಿತ!

ಅವಳು ಮೊದಲು ಆರಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. ಕಾರಣ, ಪುಸ್ತಕ ತೆಳ್ಳಗಿದೆ! 1980ರ ಈ ಕಾದಂಬರಿಯಲ್ಲಿ ಮಂದಣ್ಣ ಎಂಬ ಹಳ್ಳಿಯ ಹುಡುಗನಿದ್ದಾನೆ. ಹಲವರಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೋ ಮಾತ್ರ ಅವನ ಕಣ್ಣಿನ ಸೂಕ್ಷ್ಮವನ್ನು ಗುರುತಿಸುತ್ತಾರೆ. ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೋಗುತ್ತಾರೆ. ಅದು ಸಿಕ್ಕಿತೇ? ಹೇಳುವುದಿಲ್ಲ, ಓದಿ.

ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ, ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಗಳಂತೆ ಬಿಚ್ಚಿ, ಅವುಗಳ ಮೇಲಿನ ಚರ್ಮವನ್ನು ಹರಡಿ, ಮರದಿಂದ ಮರಕ್ಕೆ ತೇಲುತ್ತದೆ.

ಎರಡನೆಯದು ನಾನೇ ಕೇಳಿದ್ದು: ಶಿವರಾಮ ಕಾರಂತರ ‘ಬೆಟ್ಟದ ಜೀವ’, 1943ರದ್ದು. ಕುಮಾರ ಪರ್ವತದ ಕಡೆಯ ಕಾಡಿನ ನಡುವೆ ಬೇಸಾಯ ಮಾಡಿಕೊಂಡಿರುವ ಮುದುಕರು ಗೋಪಾಲಯ್ಯ, ಅವರ ಹೆಂಡತಿ ಶಂಕರಮ್ಮ. ದಾರಿ ತಪ್ಪಿ ಬಂದ ಅತಿಥಿಗೆ ಅವರು ಮಾಡುವ ಉಪಚಾರವೇ ಒಂದು ಹಬ್ಬ. ಕಾಲೇಜಿನ ದಿನಗಳಲ್ಲಿ ಓದಿದ್ದ ನನಗೆ ನೆನಪಿದ್ದದ್ದು ಗೋಪಾಲಯ್ಯನವರ ತಮಾಷೆ ಮಾತ್ರ. ಮನೆಬಿಟ್ಟು ಹೋದ ಮಗನಿಗಾಗಿ ಆ ದಂಪತಿ ಕಾಯುವ ಭಾಗವನ್ನು ಆಗ ಬೇಗ ಬೇಗ ದಾಟಿಬಿಟ್ಟಿದ್ದೆ ಅಂತ ಕಾಣುತ್ತದೆ.

ಈ ಸಲ ದಾಟಲು ಆಗಲಿಲ್ಲ. ಮೊಮ್ಮಗಳ ದನಿ ಮೆಲ್ಲಗಾಯಿತು, ಒಂದು ಕಡೆ ನಿಂತೇಹೋಯಿತು. ಸ್ವಲ್ಪ ಹೊತ್ತಿನ ಮೇಲೆ ರೆಕಾರ್ಡಿನಲ್ಲೇ ಒಂದು ಪ್ರಶ್ನೆ ಬಂತು: "ಅಜ್ಜಿ, ಅವನು ಒಂದ್ಸಲ ಬಂದು ಹೋಗಬಾರದಿತ್ತಾ?"

ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಕೆಲಸ ಸಿಕ್ಕಿ ದೂರದ ಊರಿಗೆ ಹೋದ ಮೊದಲ ಎರಡು ವರ್ಷ ಅಮ್ಮನನ್ನು ನೋಡಲು ಎಷ್ಟು ಸಲ ಹೋಗಿದ್ದೆ ಎಂದು ಎಣಿಸಿದೆ. ಒಂದು ಕೈಯ ಬೆರಳು ಸಾಕಾಯಿತು.

ಸಂಜೆ ಅವಳಿಗೆ ಅದನ್ನೇ ಹೇಳಿದೆ. ಬಯ್ಯಲಿಲ್ಲ ಪುಣ್ಯಾತ್ಗಿತ್ತಿ, ಪಕ್ಕದಲ್ಲಿ ಬಂದು ಕೂತಳು.

ಈಗ ಕಣ್ಣು ನೆಟ್ಟಗಾಗಿದೆ, ಅಕ್ಷರ ಚೆನ್ನಾಗಿ ಕಾಣುತ್ತದೆ. ಆದರೂ ದಿನಕ್ಕೊಂದು ಅಧ್ಯಾಯ ಓದಿಸಿಕೊಳ್ಳುವುದನ್ನು ಬಿಟ್ಟಿಲ್ಲ. ಅವಳು ತಡವರಿಸಿದ ಹಳೆಯ ಮಾತಿನ ಅರ್ಥ ನಾನು ಹೇಳುತ್ತೇನೆ. ಫೋನಿನ ಗುಂಡಿ ಅವಳು ಒತ್ತುತ್ತಾಳೆ.

ನಿಮ್ಮ ಮನೆಯಲ್ಲೂ ಮಂಜುಗಣ್ಣಿನ ಅಜ್ಜನೋ ಅಜ್ಜಿಯೋ ಇದ್ದರೆ ಇವತ್ತೇ ಒಂದು ಪುಟ ಓದಿಕೊಡಿ. ತಪ್ಪಾದರೂ ಪರವಾಗಿಲ್ಲ. ಕುಕ್ಕರ್ ಕೂಗಿದರೂ ಕೂಗಲಿ.