“ಮರೆತುಬಿಡು ಮಗಾ” ಅನ್ನೋ ಮೊದಲು

ಮೆಕ್ಯಾನಿಕಲ್, ಸಿವಿಲ್‌ನವರು ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಬರೆಯದೆ ಪಾಸಾಗೋ ಹಾಗಿಲ್ಲ. ಬೇರೆ ಬ್ರಾಂಚಿನವರಿಗಾಗಿ ಎರಡೇ ಮಾತು: ಒಂದು ಮಿತಿಯೊಳಗೆ ಎಳೆದು ಬಿಟ್ಟರೆ ಕಬ್ಬಿಣದ ಸರಳು ಮೊದಲಿನ ಹಾಗೇ ಆಗುತ್ತೆ. ಆ ಮಿತಿಯವರೆಗೆ ಅದು ಹೀರಿಕೊಳ್ಳುವ ಶಕ್ತಿಗೇ ರೆಸಿಲಿಯೆನ್ಸ್ ಅಂತ ಹೆಸರು. ಯೀಲ್ಡ್ ಪಾಯಿಂಟ್ ದಾಟಿತು ಅಂದರೆ ಲೋಡ್ ತೆಗೆದರೂ ಸರಳು ಹಳೇ ಉದ್ದಕ್ಕೆ ಬರಲ್ಲ. ಅದಕ್ಕೆ ನಾವ್ಯಾರೂ ಸರಳನ್ನು ಬೈಯಲ್ಲ, ಲೋಡ್ ಎಷ್ಟಿತ್ತು ಅಂತ ಕೇಳುತ್ತೀವಿ. ಮನುಷ್ಯರ ವಿಷಯ ಬಂದಾಗ ಮಾತ್ರ “ಸ್ಟ್ರಾಂಗ್ ಆಗಿರಬೇಕು ಕಣೋ” ಅಂದುಬಿಡುತ್ತೀವಿ.

ನನಗೆ ಇದು ಹೊಳೆದಿದ್ದು ಹಾಸ್ಟೆಲ್ ರೂಮಿನಲ್ಲಿ. ಜೊತೆಗಿದ್ದವನು ಶ್ರೀನಿವಾಸಪುರದ ಕಡೆಯವನು, ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಆದರೆ ಹಿಂದಿನಿಂದ ಯಾರಾದರೂ ತಮಾಷೆಗೆ ಬೆನ್ನು ತಟ್ಟಿದರೂ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು. ಒಂದು ರಾತ್ರಿ ಕರೆಂಟ್ ಹೋದಾಗ ಅವನೇ ಹೇಳಿದ: ಚಿಕ್ಕಂದಿನಲ್ಲಿ ಮನೆಯಲ್ಲಿ ಬೆಲ್ಟು, ಶಾಲೆಯಲ್ಲಿ ಕೋಲು. ನಾನು ಹೇಳಿದ್ದು ಒಂದೇ ಮಾತು, “ಹೋಗ್ಲಿ ಬಿಡು ಮಗಾ, ಮರೆತುಬಿಡು.” ಅವನು ಸರಿ ಅಂದ. ಆಮೇಲೆ ತಿಂಗಳುಗಟ್ಟಲೆ ಆ ಮಾತು ಎತ್ತಲಿಲ್ಲ. ಅವನು ಮರೆತಿರಲಿಲ್ಲ, ನನಗೆ ಹೇಳಿ ಪ್ರಯೋಜನ ಇಲ್ಲ ಅಂತ ಗೊತ್ತು ಮಾಡಿಕೊಂಡಿದ್ದ, ಅಷ್ಟೆ.

ಇದು ಒಬ್ಬನ ಕಥೆ ಅಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಸಿಬ್ಬಂದಿ ಅಮಾನತಾದರು, ಬಂಧನವೂ ಆಯಿತು. ಒಂದು ವಾರ ಚರ್ಚೆ ಮಾಡಿ ನಾವೆಲ್ಲ ಮುಂದಿನ ವಿಡಿಯೊಗೆ ಹೋದೆವು. ಗುಂಡಿಗೆ ಇಳಿದ ಮಕ್ಕಳು ರಾತ್ರಿ ಹೇಗೆ ಮಲಗುತ್ತಾರೆ ಅಂತ ಕೇಳಿದವರು ಎಷ್ಟು ಜನ? ಇನ್ನು ಕೆಲವೇ ವರ್ಷಕ್ಕೆ ಅವರಲ್ಲಿ ಯಾರಾದರೂ ನಮ್ಮ ಕಾಲೇಜಿಗೇ ಬರಬಹುದು, ನಮ್ಮ ಪಕ್ಕದ ಬೆಂಚಿನಲ್ಲೇ ಕೂರಬಹುದು.

ಅದೇ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ಒಬ್ಬ ದಲಿತ ಹುಡುಗ ದೇವರ ಕೋಲು ಮುಟ್ಟಿದ ಅಂತ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಮೈಮೇಲೆ ಬಾಸುಂಡೆ ಇಲ್ಲದಿದ್ದರೂ ಮಗುವಿನ ಮೇಲೆ ಆದ ದೌರ್ಜನ್ಯವೇ ಇದು. ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಆ ಹುಡುಗನ ತಾಯಿ “ನೀನ್ಯಾಕೆ ಮುಟ್ಟಿದೆ” ಅಂತ ಮಗನನ್ನು ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸಲಿಲ್ಲ. ವಿಷಯ ಪೊಲೀಸರವರೆಗೆ ಹೋಯಿತು, ಕೇಸ್ ದಾಖಲಾಯಿತು. ಆ ಮನೆಯಲ್ಲಿ ಅಂಬೇಡ್ಕರ್, ಬುದ್ಧರ ಪಟ ಬಂದವು ಅಂತ ಪತ್ರಿಕೆಗಳಲ್ಲಿ ಓದಿದೆವು. ತಪ್ಪು ನಿನ್ನದಲ್ಲ ಅಂತ ಒಂದು ಮಗುವಿಗೆ ತೋರಿಸಿಕೊಡೋದು ಅಂದರೆ ಇದೇ ಅಲ್ವಾ?

ನಾನು ಹೇಳಬೇಕೆಂದಿರುವುದೂ ಅಷ್ಟೇ. ಚೇತರಿಕೆ ಅನ್ನೋದು ಒಬ್ಬರ ಎದೆಗಾರಿಕೆಯಿಂದ ಮಾತ್ರ ಆಗುವ ಕೆಲಸ ಅಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬೇಕು. ಅಮೆರಿಕದ ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಜಗಳ ತುಂಬಿದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ನೆಮ್ಮದಿಯ, ಜವಾಬ್ದಾರಿಯ ದೊಡ್ಡವರಾದರು. ಅವರಲ್ಲಿ ಮತ್ತೆ ಮತ್ತೆ ಕಂಡದ್ದು, ಅಪ್ಪ-ಅಮ್ಮ ಅಲ್ಲದಿದ್ದರೆ ಅಜ್ಜಿ, ನೆರೆಯವರು, ಟೀಚರ್ ಹೀಗೆ ನಂಬಿಕೆಗೆ ಅರ್ಹವಾದ ಒಬ್ಬರಾದರೂ ಜೊತೆಗಿದ್ದರು ಅನ್ನೋದು.

“ನಾವೂ ಏಟು ತಿಂದೇ ಬೆಳೆದಿದ್ದು, ಏನಾಯ್ತೀಗ?” ಅಂತ ಕೇಳೋರು ಇದ್ದಾರೆ. ನಮ್ಮ ಮುಳಬಾಗಿಲಿನ ಮನೆಯಲ್ಲೂ ಇದ್ದಾರೆ. ಮತ್ತೆ ಲ್ಯಾಬಿಗೇ ಬರೋಣ. ತಣ್ಣಗಿರುವ ಲೋಹವನ್ನು ಬಡಿದರೆ ಅದು ಗಟ್ಟಿಯಾಗುತ್ತೆ ನಿಜ, ಜೊತೆಗೆ ಬಾಗುವ ಗುಣ ಕಳೆದುಕೊಳ್ಳುತ್ತೆ, ಇನ್ನೂ ಬಡಿದರೆ ಬಿರುಕು ಬಿಡುತ್ತೆ. ಒಳಗೆ ಉಳಿದ ಸ್ಟ್ರೆಸ್ ಇಳಿಸಲು ಅನೀಲಿಂಗ್ ಮಾಡಬೇಕು. ಕುಲುಮೆಯಲ್ಲಿ ಹದವಾಗಿ ಕಾಯಿಸಿ, ಹಾಗೇ ಇಟ್ಟು, ನಿಧಾನಕ್ಕೆ ಆರಿಸಬೇಕು. ಸರಳು ತನಗೆ ತಾನೇ ಅನೀಲಿಂಗ್ ಮಾಡಿಕೊಳ್ಳಲ್ಲ. ಆತುರಪಟ್ಟು ನೀರಿಗೆ ಅದ್ದಿದರೂ ಕೆಲಸ ಕೆಡುತ್ತೆ. ಏಟು ತಿಂದೂ ಚೆನ್ನಾಗಿ ಬಾಳಿದವರು ಏಟಿನಿಂದ ಬಾಳಿದವರಲ್ಲ. ಏಟು ಬಿದ್ದ ಮೇಲೂ ಅವರನ್ನು ಯಾರೋ ಹಿಡಿದುಕೊಂಡಿದ್ದರು.

ಕಾನೂನೂ ಈ ಏಟನ್ನು ಶಿಸ್ತು ಅಂತ ಒಪ್ಪಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಗೊತ್ತಿದ್ದೂ ದೂರು ಕೊಡದಿರುವುದೇ ಅದರಲ್ಲಿ ಅಪರಾಧ. 18 ತುಂಬದ ಯಾವುದೇ ಮಗು ಕಷ್ಟದಲ್ಲಿದ್ದರೆ 1098ಕ್ಕೆ ಕರೆ ಮಾಡಬಹುದು.

18 ದಾಟಿದ ನಮಗೇನು ದಾರಿ? 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಇದೆ, ನಂಬರ್ 14416. ಹಣ ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ಒಂದು ಬಸ್ಸಿನ ದೂರ. ಅಲ್ಲಿಗೆ ಹೋದರೆ ಹುಚ್ಚು ಅನ್ನುತ್ತಾರೆ ಅನ್ನೋ ಭಯ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದೆ. ಕಾಲು ಮುರಿದರೆ ಮೂಳೆ ಡಾಕ್ಟರ ಹತ್ತಿರ ಹೋಗೋದಕ್ಕೆ ನಾಚದವರು ಇದಕ್ಕೆ ಯಾಕೆ ನಾಚಬೇಕು?

ಕಾಲೇಜಿಗೆ ನನ್ನದೊಂದು ಬೇಡಿಕೆ: ಮೊದಲ ವರ್ಷದ ಇಂಡಕ್ಷನ್‌ನಲ್ಲಿ ಒಂದು ಗಂಟೆ ಇದಕ್ಕೆ ಕೊಡಿ, ಕನ್ನಡದಲ್ಲೇ ಕೊಡಿ. ಸೀನಿಯರ್‌ಗಳಿಗೆ ಒಂದು ಮಾತು: “ಇಂಟ್ರೊ” ಹೆಸರಲ್ಲಿ ನೀವು ಮಂಡಿಯೂರಿಸುವ ಹುಡುಗ ಐದನೇ ಕ್ಲಾಸಿನಲ್ಲೇ ಮಂಡಿಯೂರಿ ಬಂದವನಿರಬಹುದು. ನಿಮಗೆ ತಮಾಷೆ, ಅವನಿಗೆ ಎರಡನೇ ಸಲ.

ಇನ್ನು ನಮಗೆ, ಅಂದರೆ ರೂಮ್‌ಮೇಟ್‌ಗಳಿಗೆ. ಯಾರಾದರೂ ಬಾಯಿ ಬಿಟ್ಟರೆ ಪೂರ್ತಿ ಕೇಳಿ. ಸಾಕ್ಷಿ ಕೇಳಬೇಡಿ, ಇನ್ನೊಬ್ಬರಿಗೆ ಹೇಳಬೇಡಿ. “ನಿನ್ನ ತಪ್ಪಿಲ್ಲ, ನಾನಿದ್ದೀನಿ” ಅನ್ನಿ. ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಜೊತೆಗೆ ಹೋಗಿ.

ಹೋದ ಸೆಮಿಸ್ಟರ್‌ನಲ್ಲಿ ನಾನೇ ಆ ಮಾತನ್ನು ಮತ್ತೆ ಎತ್ತಿದೆ. “ಅವತ್ತು ಮರೆತುಬಿಡು ಅಂದೆನಲ್ಲ, ತಪ್ಪಾಯ್ತು ಕಣೋ. ಈಗ ಹೇಳು” ಅಂದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಮಾತಾಡಿದ, ಬೆಳಗಿನ ಜಾವದವರೆಗೂ. ಈಗ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತಾನೆ, ಬಸ್ಸಿನಲ್ಲಿ ಪಕ್ಕದ ಸೀಟು ನನ್ನದು. ಹಿಂದಿನಿಂದ ಬೆನ್ನು ತಟ್ಟಿದರೆ ಈಗಲೂ ಬೆಚ್ಚುತ್ತಾನೆ. ನಾವು ಯಾರೂ ತಟ್ಟಲ್ಲ, ಎದುರಿಗೆ ಬಂದು ಹೆಸರು ಹಿಡಿದು ಕರೆಯುತ್ತೀವಿ.