ಎರಡಿದ್ರ ಡಬಲ್ ಸೇಫ್ ಅಲ್ರಿ!

ಮುಧೋಳ ಅಂದರೆ ನಿಮಗೆ ಬೇಟೆನಾಯಿ ನೆನಪಾಗುತ್ತೆ. ಅದು ಬಾಗಲಕೋಟೆಯ ಮುಧೋಳ. ನಾನು ಹೇಳ್ತಿರೋದು ಸೇಡಂ ತಾಲ್ಲೂಕಿನ ನಮ್ಮ ಮುಧೋಳ. ಇಲ್ಲಿನ ಕಂಪ್ಯೂಟರುಗಳಲ್ಲೂ ಕಾವಲುನಾಯಿಗಳಿವೆ, ಕೆಲವು ಕಡೆ ಎರಡೆರಡು. ಕಳ್ಳನನ್ನು ಬಿಟ್ಟು ಒಂದನ್ನೊಂದು ನೋಡಿ ಬೊಗಳ್ತಿವೆ.

ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಕೂಲಿ ಬಿಟ್ಟು ಬಂದವರು ಅಂಗಡಿ ಮುಂದೆ ಕಾಯ್ತಿರ್ತಾರೆ. ಪರದೆ ಮೇಲೆ ಚಕ್ರ ತಿರುಗ್ತಾನೇ ಇರುತ್ತೆ. ಎಲ್ಲರೂ ಬೈಯೋದು ಸರ್ವರನ್ನ. ಅಂಥ ಒಂದು ಕಂಪ್ಯೂಟರ್ ನಾನು ತೆರೆದು ನೋಡಿದೆ: ಕೊಂಡಾಗಲೇ ಬಂದ ಆಂಟಿವೈರಸ್ ಒಂದು, ರಿಪೇರಿಯವನು ಹಾಕಿದ್ದು ಇನ್ನೊಂದು. ಕೇಳಿದರೆ, ‘ಇರ್ಲಿ ಬಿಡ್ರಿ ಸರ್, ಎರಡಿದ್ರ ಡಬಲ್ ಸೇಫ್’ ಎಂಬ ಉತ್ತರ.

ಈ ಮಾತು ಶುದ್ಧ ಸುಳ್ಳು. ನೀವು ಯಾವ ಫೈಲ್ ತೆರೆದರೂ ಆಂಟಿವೈರಸ್ ನಡುವೆ ನಿಂತು ತಪಾಸಣೆ ಮಾಡುತ್ತೆ. ಇಬ್ಬರು ನಿಂತರೆ ಅದೇ ಫೈಲಿಗೆ ಎರಡೆರಡು ತಪಾಸಣೆ. ಒಬ್ಬ ಹಿಡಿದದ್ದನ್ನು ಇನ್ನೊಬ್ಬ ಎಳೆದಾಡ್ತಾನೆ, ಕೆಲವೊಮ್ಮೆ ಒಬ್ಬನನ್ನೇ ಇನ್ನೊಬ್ಬ ವೈರಸ್ ಅಂತಾನೆ. ಕಂಪ್ಯೂಟರ್ ತೆವಳುತ್ತೆ. ಬೇಸತ್ತ ಹುಡುಗ ಕೊನೆಗೆ ಎರಡನ್ನೂ ಆಫ್ ಮಾಡ್ತಾನೆ. ಊರವರ ಆಧಾರ್, ಬ್ಯಾಂಕ್ ವಿವರ ಹಾದುಹೋಗುವ ಯಂತ್ರಕ್ಕೆ ಆಮೇಲೆ ಕಾವಲೇ ಇಲ್ಲ.

ಈ ತಂತ್ರಾಂಶಗಳಿಗೆ ವಿಂಡೋಸಿನ ಒಳಮನೆವರೆಗೂ ಪ್ರವೇಶವಿದೆ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯದ್ದೇ ಫೈಲನ್ನು ವೈರಸ್ ಎಂದು ಹಿಡಿಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕಿನ ಅಪ್‌ಡೇಟ್ ಸುಮಾರು 85 ಲಕ್ಷ ಯಂತ್ರಗಳನ್ನು ಕೆಡವಿತು. ಒಬ್ಬನೇ ಎಡವಿದರೆ ಇಷ್ಟು. ಇಬ್ಬರನ್ನು ಒಳಗೆ ಬಿಟ್ಟುಕೊಳ್ಳೋದು ಯಾವ ಜಾಣತನ?

ಭಯ ಮಾರುವವರಿಗೆ ಇದೆಲ್ಲ ಗೊತ್ತು. ಆದರೂ ಹೊಸ ಲ್ಯಾಪ್‌ಟಾಪಿನಲ್ಲಿ ಟ್ರಯಲ್ ತುರುಕ್ತಾರೆ, ಅವಧಿ ಮುಗಿದ ಮೇಲೆ ‘ಅಪಾಯ’ ಅಂತ ಕೆಂಪು ಫಲಕ ತೋರಿಸ್ತಾರೆ. ವಿಂಡೋಸ್ 10, 11ರ ಜೊತೆಗೆ ಡಿಫೆಂಡರ್ ಪುಕ್ಕಟೆ ಬರುತ್ತೆ ಅಂತ ಮಾತ್ರ ಯಾರೂ ಹೇಳಲ್ಲ.

ಊರಿಗೆ ಹಳೇ ಲ್ಯಾಪ್‌ಟಾಪ್ ಕಳಿಸಿ ‘ಯಾವುದಾದ್ರೂ ಆಂಟಿವೈರಸ್ ಹಾಕಿಸ್ಕೊಳ್ಳಿ’ ಅಂತ ಫೋನಲ್ಲಿ ಹೇಳುವ ಬೆಂಗಳೂರಿನ ಐಟಿ ಮಿತ್ರರೇ, ಈ ಕೆಲಸ ನಿಮ್ಮದು. ಒಂದನ್ನು ಉಳಿಸಿ, ಉಳಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಫೋಲ್ಡರ್ ಅಳಿಸಿದರೆ ಸಾಲದು. ಚೂರುಪಾರು ಉಳಿದರೆ ಆ ಕಂಪನಿಯೇ ಕೊಡುವ ರಿಮೂವಲ್ ಟೂಲ್ ಓಡಿಸಿ. ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಕಾವಲು ಆನ್ ಇದೆಯಾ ನೋಡಿ. ಅರ್ಧ ಗಂಟೆಯ ಕೆಲಸ. ಅಂಗಡಿ ಮುಂದೆ ನಿಂತವರ ಒಂದು ದಿನದ ಕೂಲಿ ಉಳಿದೀತು.