ಕಾರಣ ಕೇಳುವ ಚಟ

ವಿಲಕ್ಷಣ ಭಯದ ಕತೆಗಳಿಗೆ ಕಾರಣವೇ ಇರುವುದಿಲ್ಲ, ಅದು ಬರೆಯುವವರ ಸೋಮಾರಿತನ ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಅವಸರದ ತೀರ್ಪು. ಜುಂಜಿ ಇಟೊ 1998ರಲ್ಲಿ ಆರಂಭಿಸಿದ ಜಪಾನಿ ಚಿತ್ರಕತೆ ‘ಉಜುಮಾಕಿ’ಯಲ್ಲಿ ಊರನ್ನು ಕಾಡುವುದು ಸುರುಳಿ ಎಂಬ ಬರಿಯ ಆಕಾರ. ಬಸವನಹುಳುವಿನ ಚಿಪ್ಪು, ನೀರಿನ ಸುಳಿ, ಹುಡುಗಿಯ ಕೂದಲು, ಕಡೆಗೆ ಕಿವಿಯೊಳಗಿನ ಶಂಖ ಕೂಡ ಅದರ ಪಾಲು. ದೆವ್ವಕ್ಕಾದರೆ ಸೇಡಿರುತ್ತದೆ, ಶಾಂತಿ ಮಾಡಿಸಬಹುದು. ಆಕಾರಕ್ಕೆ ಯಾವ ತಾಯಿತ ಕಟ್ಟುವುದು? ಹಾಗಾದರೆ ಏನು ಬೇಕಾದರೂ ಗೀಚಬಹುದೇ ಎಂಬ ಆಕ್ಷೇಪದಲ್ಲಿ ಹುರುಳಿದೆ (ಕಸವೂ ಈ ಪ್ರಕಾರದಲ್ಲಿ ಸಾಕಷ್ಟಿದೆ). ಆದರೆ ಇಟೊ ತಾನೇ ಹಾಕಿಕೊಂಡ ನಿಯಮವನ್ನು ಕೊನೆಯವರೆಗೂ ಸಡಿಲಿಸುವುದಿಲ್ಲ: ಎಲ್ಲವೂ ಸುತ್ತಿಕೊಳ್ಳಲೇಬೇಕು. ಕಾಫ್ಕಾ ಕೂಡ 1915ರಲ್ಲಿ ಪ್ರಕಟವಾದ ‘ರೂಪಾಂತರ’ ಕತೆಯಲ್ಲಿ ನಾಯಕ ಗ್ರೆಗರ್ ಹುಳುವಾದದ್ದೇಕೆಂದು ಹೇಳಲಿಲ್ಲ, ರೈಲು ತಪ್ಪಿತಲ್ಲ ಎಂಬ ಅವನ ಗಾಬರಿಯನ್ನು ಮಾತ್ರ ಗುಮಾಸ್ತನ ಶಿಸ್ತಿನಿಂದ ದಾಖಲಿಸಿದ.